ಹತ್ತೊಂಬತ್ತು ಸೇತುವೆಗಳು

ಅಮ್ಮನಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ವರ್ಷ ತುಂಬಿದ್ದರೂ ಅಮ್ಮನ ಕೈ ಮಾತ್ರ ಇನ್ನೂ ಏನನ್ನೂ ಮರೆತಿರಲಿಲ್ಲ. ಬಚ್ಚಲುಮನೆ ಯಾವ ಕಡೆ ಎಂದು ತನ್ನದೇ ಮನೆಯಲ್ಲಿ ನಿಂತು ಕೇಳುತ್ತಿದ್ದವಳು, ಮೇಜಿನ ಮುಂದೆ ಕೂತರೆ ಯಾವ ಕುಂಚ ಯಾವ ಡಬ್ಬಿಯಲ್ಲಿದೆ ಎಂದು ನೋಡದೆಯೇ ಕೈ ಚಾಚುತ್ತಿದ್ದಳು. ಗಂಡ ಸತ್ತು ಒಂಬತ್ತು ವರ್ಷವಾಗಿದ್ದು ಮರೆತು "ಇವರಿನ್ನೂ ಬರ್ಲಿಲ್ವಲ್ಲೇ" ಎಂದು ಬಾಗಿಲು ನೋಡುವವಳು, ಮಸಿಕಡ್ಡಿಯನ್ನು ಕಲ್ಲಿನ ಮೇಲೆ ತೇಯುವಾಗ ಒಂದು ಹನಿ ನೀರು ಹೆಚ್ಚಾದರೂ ಥಟ್ಟನೆ ಹಿಡಿದುಬಿಡುತ್ತಿದ್ದಳು. ತಲೆ ಊರು ಬಿಟ್ಟು ಹೊರಟಿತ್ತು, ಕೈ ಇನ್ನೂ ಮನೆಯಲ್ಲೇ ಇತ್ತು.

ಆ ಕೈಗೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಕಲಾಶಾಲೆಯಲ್ಲಿ ಮೂವತ್ತೊಂದು ವರ್ಷ ಅಮ್ಮ ಸುರುಳಿ ಚಿತ್ರ ಕಲಿಸಿದವಳು. ಒಂದು ಮೊಳ ಅಗಲ, ಇಪ್ಪತ್ತು ಮೂವತ್ತು ಅಡಿ ಉದ್ದದ ಕಾಗದ. ಅದರ ತುಂಬ ಬೆಟ್ಟ, ಹೊಳೆ, ದೋಣಿ, ಮಂಜು. ಅದು ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಮೇಜಿನ ಮೇಲಿಟ್ಟು, ಎಡಗೈಯಲ್ಲಿ ಬಿಚ್ಚುತ್ತ ಬಲಗೈಯಲ್ಲಿ ಸುತ್ತುತ್ತ, ಬಲದಿಂದ ಎಡಕ್ಕೆ, ಒಂದು ತೋಳಿನಷ್ಟನ್ನೇ ಒಮ್ಮೆಗೆ ನೋಡಬೇಕಾದದ್ದು. ನೋಡುವವನು ಕೂತಲ್ಲೇ ಊರು ದಾಟಬೇಕು. ಅಮ್ಮನ ಮಂಜು ಎಂದರೆ ಆ ವಿದ್ಯೆ ಬಲ್ಲವರು ಕೈಮುಗಿಯುತ್ತಿದ್ದರು. "ಮಂಜು ಬರೆಯೋದಲ್ಲ ಕಣ್ರೋ, ಬಿಡೋದು" ಎನ್ನುತ್ತಿದ್ದಳು ತರಗತಿಯಲ್ಲಿ. ಯಾರಾದರೂ ಕುಂಚ ಒತ್ತಿ ಕಾಗದ ಹರಿಯುವ ಹಾಗೆ ಗೆರೆ ಎಳೆದರೆ, "ಬರೆ ಅಂದ್ರೆ ಬರೀಬೇಕಪ್ಪಾ, ಬರೆ ಹಾಕೋದಲ್ಲ. ಕಾಗದ ನಿನಗೇನು ಮಾಡಿತ್ತು?" ಎಂದು ಕೇಳುತ್ತಿದ್ದಳು. ತರಗತಿಯ ಮೂಲೆಯಲ್ಲಿ ಒಂದು ನೀರಿನ ತೊಟ್ಟಿ. ಕೆಟ್ಟ ಹಾಳೆಗಳೆಲ್ಲ ಅದರೊಳಕ್ಕೆ. ಅಮ್ಮನದೇ ಹಾಳೆ ಕೆಟ್ಟರೂ ಅಷ್ಟೇ, ಒಂದು ಸಲ ಎರಡು ತಿಂಗಳ ಕೆಲಸವನ್ನು ಇಡೀ ತರಗತಿಯ ಎದುರು ತೊಟ್ಟಿಗೆ ಇಳಿಸಿ, ಕೈ ಒರೆಸಿಕೊಂಡು, "ಹೂಂ, ಎಲ್ಲಿದ್ವಿ?" ಎಂದಿದ್ದಳಂತೆ.

ಅಂಥವಳ ಒಬ್ಬಳೇ ಮಗಳಿಗೆ ಈಗ ನಲವತ್ನಾಲ್ಕು. ಚಿಕ್ಕಂದಿನಲ್ಲಿ ಮೇಜಿನ ಕೆಳಗೆ ಕೂತು ಕಾಗದದ ಅಂಚು ಕಡಿಯುತ್ತಿದ್ದಳೆಂದು ಅಮ್ಮ ಅವಳಿಗೆ ಇಲಿಮರಿ ಎಂದು ಹೆಸರಿಟ್ಟಿದ್ದಳು. ಮಗಳೂ ಸುರುಳಿಯನ್ನೇ ಹಿಡಿದಳು, ಆದರೆ ಹೊಸ ಕಾಲದ ಸುರುಳಿ. ಆಸ್ಪತ್ರೆಯವರು ಎಸೆದ ಎಕ್ಸ್‌ರೇ ಹಾಳೆಗಳನ್ನು ಹೊಲಿದು ಇಪ್ಪತ್ತಡಿ ಉದ್ದ ಮಾಡಿ, ಬೆನ್ನೆಲುಬುಗಳನ್ನೇ ಬೆಟ್ಟಸಾಲಾಗಿಸಿದಳು. ಲಿಫ್ಟಿನೊಳಗೆ ನಿಂತವರ ಬೆನ್ನುಗಳನ್ನೇ ಸಾಲಾಗಿ ಬರೆದು, ಯಂತ್ರಕ್ಕೆ ಸುತ್ತಿ ತಾನಾಗಿ ಉರುಳುವಂತೆ ಮಾಡಿದಳು. ಅಮ್ಮ ಎಲ್ಲವನ್ನೂ ತಾಳ್ಮೆಯಿಂದ ನೋಡಿ "ಐಡಿಯಾ ಚೆನ್ನಾಗಿದೆ ಕಣೇ" ಎನ್ನುತ್ತಿದ್ದಳು. ಐಡಿಯಾ ಚೆನ್ನಾಗಿದೆ ಎಂದರೆ ಕೈ ಚೆನ್ನಾಗಿಲ್ಲ ಎಂದು ಅರ್ಥ. ಅದು ಮಗಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂಬುದು ಅಮ್ಮನಿಗೂ ಗೊತ್ತಿತ್ತು. ಪತ್ರಿಕೆಯವರು ಮಗಳ ಬಗ್ಗೆ ಬರೆದ ನಾಲ್ಕು ಸಾಲಿನಲ್ಲಿ ಎರಡು ಸಾಲು ಅಮ್ಮನ ಬಗ್ಗೆ ಇರುತ್ತಿದ್ದವು.

ಆ ವರ್ಷ ನಗರದ ದೊಡ್ಡ ಗ್ಯಾಲರಿಯೊಂದು ಸುರುಳಿ ಚಿತ್ರವನ್ನು ಹೊಸ ರೀತಿಯಲ್ಲಿ ಮಾಡುವ ಎಂಟು ಕಲಾವಿದರ ಪ್ರದರ್ಶನಕ್ಕೆ ಹೊರಟಿತ್ತು. ಏಳು ಜನ ಸಿಕ್ಕಿದ್ದರು. ಎಂಟನೆಯವರನ್ನು ಹುಡುಕುತ್ತ ಗ್ಯಾಲರಿಯ ಮೇಡಂ ತಾಯಿ-ಮಗಳ ಮನೆಗೆ ಬಂದಳು. ಕೆಟ್ಟವಳೇನಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ನೆಲದ ಮೇಲೆಯೇ ಕೂತು, ಮಗಳ ಕೆಲಸಗಳನ್ನು ಒಂದೊಂದಾಗಿ ಗಮನವಿಟ್ಟು ನೋಡಿದಳು. ನೋಡಿದಷ್ಟೂ ಅವಳ ಮಾತು ಮೃದುವಾಗುತ್ತ ಹೋಯಿತು. ಇಲ್ಲ ಎನ್ನುವವರ ಮಾತು ಹೀಗೇ ಮೆತ್ತಗಾಗುತ್ತದೆ ಎಂದು ಮಗಳಿಗೆ ಇಪ್ಪತ್ತು ವರ್ಷದ ಅನುಭವವಿತ್ತು.

ಏಳುವ ಹೊತ್ತಿಗೆ ಮೇಡಂ ಕಣ್ಣು ಒಳಕೋಣೆಗೆ ಹೋಯಿತು. ಅಲ್ಲಿ ಉದ್ದ ಮೇಜಿನ ಮುಂದೆ ಅಮ್ಮ ಕೂತಿದ್ದಳು. ಸ್ವೆಟರನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದಳು. ಕುಂಚ ಕಾಗದದ ಮೇಲೆ ಓಡುತ್ತಿತ್ತು.

"ಇವರು ದಿನಾ ಹೀಗೆ ಬರೀತಾರಾ?"

"ದಿನಾ. ಕೂರಿಸಿದ್ರೆ ಸಾಕು."

"ಬರೆದಿದ್ದು ನೆನಪಿರತ್ತಾ?"

"ಸಂಜೆಗೆ ಕೇಳಿದ್ರೆ, ನಾನೆಲ್ಲಿ ಬರೆದೆ ಅಂತಾಳೆ."

ಮೇಡಂ ಬಾಗಿಲ ಚೌಕಟ್ಟಿಗೆ ಒರಗಿ ತುಂಬ ಹೊತ್ತು ನಿಂತಳು. ಆಮೇಲೆ ಮಗಳ ತೋಳು ಹಿಡಿದು, "ಇದೇ ನಿಮ್ಮ ಕೆಲಸ. ಕಣ್ಣೆದುರಿಗೇ ಇದೆಯಲ್ರೀ" ಎಂದಳು.

ಯೋಜನೆ ಸರಳವಾಗಿತ್ತು. ಮೂವತ್ತಾರು ಅಡಿ ಉದ್ದದ ಒಂದೇ ಕಾಗದ. ಅಮ್ಮ ದಿನಕ್ಕೆ ಒಂದಡಿ ಬರೆಯಬೇಕು, ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಮನಸ್ಸು ಹೇಗೆ ಮಾಸುತ್ತದೋ ಸುರುಳಿ ಹಾಗೆ ಸಾಗಲಿ. ಹೊಳಹು ಮಗಳದು, ಕೈ ತಾಯಿಯದು.

ಮಗಳು ಒಂದು ಒಳ್ಳೆಯ ಬೆಳಗ್ಗೆ ನೋಡಿಕೊಂಡು ಅಮ್ಮನನ್ನು ಕೇಳಿದಳು. ಕದ್ದು ಮಾಡಲಿಲ್ಲ, ಅಷ್ಟನ್ನು ಅವಳ ಪರವಾಗಿ ಹೇಳಬೇಕು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಕಾಗದವನ್ನು ಬೆರಳಿನಿಂದ ಸವರಿ ನೋಡಿ, "ಒಳ್ಳೇ ಕಾಗದ. ಮಾಡೋಣ" ಎಂದಳು. ಸ್ವಲ್ಪ ತಡೆದು, "ಆದ್ರೆ ಇಲಿಮರಿ, ಚೆನ್ನಾಗಿ ಬರ್ಲಿಲ್ಲ ಅಂದ್ರೆ ನೀರಿಗೆ ಹಾಕ್ಬಿಡು. ನಾನು ಹೇಳಿದ್ದು ನಂಗೆ ನೆನಪಿರಲ್ಲ, ನೀನು ನೆನಪಿಟ್ಕೋ" ಎಂದಳು.

"ಆಯ್ತಮ್ಮ."

ಮೊದಲ ಹನ್ನೆರಡು ದಿನ ಆ ಮನೆಯಲ್ಲಿ ಹಬ್ಬದ ಕಳೆ ಇತ್ತು ಎನ್ನಬೇಕು. ಬೆಳಗಿನ ಬೆಳಕು ಮೇಜಿಗೆ ಬೀಳುವ ಹೊತ್ತಿಗೆ ಮಗಳು ಮಸಿ ತೇಯ್ದು ಸಿದ್ಧವಾಗಿಟ್ಟು, ಹಿಂದಿನ ದಿನದ ಒಂದಡಿಯನ್ನು ಬಲಗಡೆ ಬಿಚ್ಚಿ, ಎರಡು ಒತ್ತುಕಲ್ಲು ಇಟ್ಟಿರುತ್ತಿದ್ದಳು. ಸುರುಳಿ ಬರೆಯುವವರೆಲ್ಲ ಹಾಗೇ ಮಾಡುವುದು. ನಿನ್ನೆಯ ಗೆರೆ ಕಣ್ಣೆದುರಿಗೆ ಇದ್ದರೆ ತಾನೇ ಇವತ್ತಿನದು ಅದರ ಬಾಲ ಹಿಡಿದು ಹೊರಡುವುದು. ಅಮ್ಮ ಬಂದು ಕೂತು, ತೆರೆದಿಟ್ಟ ಅಡಿಯನ್ನು ನೋಡಿ, "ಯಾರೇ ಬರ್ದಿದ್ದು? ಪರ್ವಾಗಿಲ್ವೇ!" ಎನ್ನುವಳು. "ನೀನೇ ಕಣಮ್ಮ." "ಹೌದಾ? ಹಾಗಾದ್ರೆ ಮುಂದಕ್ಕೂ ನಾನೇ ಬರೀಬೇಕೇನೋ" ಎಂದು ನಕ್ಕು ಕುಂಚ ಎತ್ತುವಳು. ಬೆಟ್ಟದ ಬುಡ ಇಳಿದು ಹೊಳೆಯಾಯಿತು. ಹೊಳೆ ಅಗಲವಾಗಿ ಮಂಜಿನೊಳಗೆ ಹೊಕ್ಕಿತು. ಎಪ್ಪತ್ತಾರರ ಕೈ ನಡುಗುವುದು ನಡುಗುತ್ತಲೇ ಇತ್ತು, ಕುಂಚದ ತುದಿ ಕಾಗದ ಮುಟ್ಟಿದ ಕೂಡಲೇ ನಿಲ್ಲುತ್ತಿತ್ತು. ಮಗಳು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತು ನೋಡುತ್ತಿದ್ದಳು. ಮೂವತ್ತು ವರ್ಷದಿಂದ ಹೊಟ್ಟೆಕಿಚ್ಚು ಪಟ್ಟುಕೊಂಡು ನೋಡಿದ ಕೈಯನ್ನು ಆ ದಿನಗಳಲ್ಲಿ ಮಾತ್ರ ಅವಳು ಸುಮ್ಮನೆ ನೋಡಿದಳು.

ಹದಿಮೂರನೆಯ ದಿನ ಹೊಳೆಗೆ ಅಡ್ಡವಾಗಿ ಒಂದು ಮರದ ಸೇತುವೆ ಬಂತು. ಸೇತುವೆಯ ಮೇಲೆ ಒಬ್ಬ ಪುಟ್ಟ ಮನುಷ್ಯ, ಓರೆಯಾದ ಟೋಪಿ, ಬೆನ್ನಮೇಲೊಂದು ಗಂಟು. ಕಲಾಶಾಲೆಗೆ ಸೇರಿದ ಹುಡುಗರಿಗೆ ಅಮ್ಮ ಮೂವತ್ತೊಂದು ವರ್ಷವೂ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದೇ: ಆರು ಗೆರೆಯಲ್ಲಿ ಸೇತುವೆ, ಮೂರು ಚುಕ್ಕೆಯಲ್ಲಿ ಮನುಷ್ಯ. ಚೆನ್ನಾಗಿಯೇ ಬಂದಿತ್ತು. ನಾಲ್ಕು ದಿನ ಕಳೆದು ಇನ್ನೊಂದು ಸೇತುವೆ ಬಂತು. ಮೊದಲನೆಯದು ಸುರುಳಿಯೊಳಗೆ ಹೋಗಿಬಿಟ್ಟಿತ್ತು, ಅಮ್ಮನಿಗೆ ಅದು ನೆನಪಿರಲಿಲ್ಲ. ಅದರ ಮಾರನೆಯ ದಿನವೇ ಮೂರನೆಯದು.

ಮಗಳು ಎಂದಿನಂತೆ ಫೋಟೋ ತೆಗೆದು ಗ್ಯಾಲರಿಗೆ ಕಳಿಸಿದಳು. ಐದು ನಿಮಿಷದಲ್ಲಿ ಮೇಡಂ ಫೋನು.

"ನೋಡಿದ್ರಾ? ಶುರುವಾಯ್ತು! ಮೈ ಜುಂ ಅಂತು ನಂಗೆ. ಅದೇ ಸೇತುವೆ, ಅದೇ ಮನುಷ್ಯ, ದಾಟಿದ್ದೇ ಗೊತ್ತಿಲ್ಲ ಪಾಪ ಅವನಿಗೆ. ಇದು ಸುರುಳಿ ಅಂದ್ರೆ!"

ಇಪ್ಪತ್ತು ವರ್ಷದಲ್ಲಿ ಯಾರೂ ಮಗಳ ಕೆಲಸದ ಬಗ್ಗೆ ಮೈ ಜುಂ ಅಂತು ಎಂದಿರಲಿಲ್ಲ. ಅವಳು ಫೋನು ಇಟ್ಟು, ಅಡುಗೆಮನೆಯ ಕಟ್ಟೆಗೆ ಒರಗಿ, ಒಂದು ಲೋಟ ನೀರು ಕುಡಿದಳು. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಸಂತೋಷ ಎಂದು ಗೊತ್ತಾದಾಗ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಸಂತೋಷ ಹೋಗಲಿಲ್ಲ.

ಆದರೆ ಮುಂದಿನ ಎರಡು ದಿನ ಅಮ್ಮನ ತಲೆ ತಿಳಿಯಾಗಿತ್ತು. ಡಾಕ್ಟರು ಬದಲಿಸಿದ ಮಾತ್ರೆಯೋ, ರಾತ್ರಿ ಬಂದ ಒಳ್ಳೆಯ ನಿದ್ದೆಯೋ. ಕೂತವಳೇ ತೆರೆದಿಟ್ಟ ಅಡಿಯನ್ನೂ ಅದರ ಹಿಂದಿನದನ್ನೂ ಬಿಚ್ಚಿ ನೋಡಿ, "ಅಯ್ಯೋ, ಎಷ್ಟು ಸೇತುವೇನೇ, ಜನ ನಡೆಯೋದು ಯಾವಾಗ?" ಎಂದು, ದಡ ಹತ್ತಿಸಿ, ಹಾದಿ ಎಳೆದು, ಹಾದಿಯ ಕೊನೆಗೆ ಮಂಜು ಬಿಟ್ಟಳು. ಅಷ್ಟು ಚೆಂದದ ಮಂಜನ್ನು ಅಮ್ಮ ಆರೋಗ್ಯವಾಗಿದ್ದಾಗಲೂ ಬಿಟ್ಟಿರಲಿಲ್ಲ.

ಫೋಟೋ ನೋಡಿ ಮೇಡಂ ಫೋನು ಮಾಡಿದಳು. "ಚೆನ್ನಾಗಿದೆ" ಎಂದಳು. "ಆದ್ರೆ ಇದು ಮತ್ತೆ ಹಳೇ ಥರಾನೇ ಆಯ್ತು ಅಲ್ವಾ? ಇಂಥದ್ದು ಮ್ಯೂಸಿಯಂ ತುಂಬ ಇದೆ. ಇರ್ಲಿ ಬಿಡಿ, ಹೇಗೆ ಬರತ್ತೋ ಹಾಗೆ ಬರ್ಲಿ."

ಮರುದಿನ ಬೆಳಗ್ಗೆ ಮಗಳು ಮಸಿ ತೇಯ್ದಳು. ಒತ್ತುಕಲ್ಲು ತಂದಳು. ಹಿಂದಿನ ದಿನದ ಅಡಿಯನ್ನು ಬಿಚ್ಚಲು ಸುರುಳಿಗೆ ಕೈ ಹಾಕಿದಳು. ಬಿಚ್ಚಲಿಲ್ಲ. ಮಂಜಿನ ಕೊನೆಯ ಅಂಚೂ ಕಾಣದ ಹಾಗೆ ಇನ್ನೊಂದು ಸುತ್ತು ಸುತ್ತಿ, ಮೇಲೊಂದು ಬಟ್ಟೆ ಹೊದಿಸಿಟ್ಟಳು. ಇದನ್ನು ಮಾಡಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಮ್ಮ ಬಂದು ಕೂತಳು. ಎದುರಿಗೆ ಬರೀ ಬಿಳಿ ಕಾಗದ.

"ಎಲ್ಲೇ ನಿಲ್ಸಿದ್ದೆ ನಾನು?"

"ಹೊಸದಾಗೇ ಶುರು ಮಾಡಮ್ಮ."

"ಹೊಸದಾಗಾ?" ಅಮ್ಮ ಕಾಗದದ ಬಲ ಅಂಚನ್ನು ಬೆರಳಿನಿಂದ ತಡವಿದಳು. ಏನೋ ಇರಬೇಕಿತ್ತು ಅಲ್ಲಿ ಎನ್ನುವ ಹಾಗೆ ಮಗಳ ಮುಖ ನೋಡಿದಳು. ದಾರಿ ತಪ್ಪಿದ ಮಕ್ಕಳು ಅಪರಿಚಿತರ ಮುಖ ನೋಡುವುದು ಹಾಗೆ. ಮಗಳು ಕಿಟಕಿಯ ಕಡೆ ತಿರುಗಿದಳು. ತುಸು ಹೊತ್ತಾದ ಮೇಲೆ ಕುಂಚ ಓಡುವ ಸದ್ದು ಕೇಳಿತು. ಶುರುವಿನಿಂದ ಶುರು ಮಾಡಬೇಕೆಂದರೆ ಆ ಕೈಗೆ ಗೊತ್ತಿದ್ದದ್ದು ಮೊದಲ ದಿನದ ಪಾಠ. ಆರು ಗೆರೆ, ಮೂರು ಚುಕ್ಕೆ.

ಅಲ್ಲಿಂದಾಚೆ ಒಂದು ದಿನವೂ ಮಗಳು ಹಿಂದಿನದನ್ನು ಬಿಚ್ಚಿಡಲಿಲ್ಲ. ಪ್ರತಿ ಬೆಳಗ್ಗೆ ಬಿಳಿ ಕಾಗದ, ಪ್ರತಿ ಬೆಳಗ್ಗೆ "ಎಲ್ಲೇ ನಿಲ್ಸಿದ್ದೆ?", ಪ್ರತಿ ಬೆಳಗ್ಗೆ ಸೇತುವೆ. ದಿನ ಹೋದ ಹಾಗೆ ಅಮ್ಮನ ತಿಳಿವೂ ನಿಜವಾಗಿಯೇ ಇಳಿಯುತ್ತ ಬಂತು. ಸೇತುವೆಗಳು ಒಂದಡಿಯೊಳಗೆ ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಚ್ಚುವಷ್ಟು ಅವಸರಕ್ಕೆ ಬಿದ್ದವು, ಗೆರೆ ದಪ್ಪವಾಯಿತು, ಅಮ್ಮ ಕುಂಚ ಒತ್ತತೊಡಗಿದಳು. ಟೋಪಿಯವನು ಒಮ್ಮೆ ಸೇತುವೆಯ ಕೆಳಗೆ ಬಿದ್ದ. ಒಮ್ಮೆ ಅವನಿಗೆ ತಲೆಯೇ ಇರಲಿಲ್ಲ, ಟೋಪಿ ಮಾತ್ರ ಇತ್ತು. ಕೊನೆಯ ಎರಡು ಅಡಿಯಲ್ಲಿ ಮಂಜಿಗೆಂದು ಬಿಡಬೇಕಾದ ಜಾಗವನ್ನೆಲ್ಲ ಅಮ್ಮ ಕಪ್ಪಾಗಿ ತುಂಬಿಬಿಟ್ಟಳು. ಗ್ಯಾಲರಿಯ ಮೇಡಂ ಫೋನಿನಲ್ಲಿ ಅತ್ತೇಬಿಟ್ಟಳು. ಆ ಅಳು ನಾಟಕದ್ದಲ್ಲ.

ಬರೆದದ್ದು ಮುಗಿದ ಮೇಲೆ ಅಂಟಿನ ಮಾಮನ ಕೆಲಸ. ಸುರುಳಿಯ ಹಿಂದೆ ಇನ್ನೊಂದು ಪದರ ಕಾಗದ ಅಂಟಿಸಿ, ಒಣಗಿಸಿ, ಅಂಚಿಗೆ ರೇಷ್ಮೆ ಕೊಟ್ಟು, ಕೊನೆಗೆ ಕೋಲು ಕೂರಿಸುವ ಕಸಬು ಅವನದು. ಬೇರೆ ಯಾರಿಗೂ ಕೊಡಲಾಗದ ಕೆಲಸ. ನಲವತ್ತು ವರ್ಷದಿಂದ ಅಮ್ಮನ ಸುರುಳಿಗಳಿಗೆಲ್ಲ ಅವನೇ ಅಂಟು ಹಾಕಿದವನು, ಅಮ್ಮನನ್ನು ಅಕ್ಕ ಎನ್ನುವವನು. ಅವನ ಮೈಯೆಲ್ಲ ಗೋಧಿಹಿಟ್ಟಿನ ಅಂಟಿನ ವಾಸನೆ. "ನಾನು ಅಂಟಿಸಿದ್ದು ಬಿಡಲ್ಲ, ನನ್ನ ಹೆಂಡ್ತಿ ಒಬ್ಬಳನ್ನ ಬಿಟ್ಟು" ಎಂದು, ಬಿಟ್ಟು ಹೋದ ಹೆಂಡತಿಯ ಬಗ್ಗೆಯೇ ಜೋಕು ಮಾಡುತ್ತಿದ್ದ.

ಅವನು ಸುರುಳಿಯನ್ನು ತನ್ನ ಮೇಜಿನ ಮೇಲಿಟ್ಟು, ಪದ್ಧತಿಯ ಪ್ರಕಾರ ಎಡಗೈಯಲ್ಲಿ ಬಿಚ್ಚುತ್ತ ಬಲಗೈಯಲ್ಲಿ ಸುತ್ತುತ್ತ ಮೊದಲಿನಿಂದ ಕೊನೆಯವರೆಗೆ ನೋಡಿದ.  ಮತ್ತೆ ಹಿಂದಕ್ಕೆ ಹೋಗಿ ಎಣಿಸಿದ.

"ಹತ್ತೊಂಬತ್ತು."

"ಹೂಂ ಮಾಮ."

"ಮೊದಲಿನ ಮೂರು ಸೇತುವೆ ಅಕ್ಕಂದು. ಆಮೇಲಿನ ಹದಿನಾರು ಯಾರ್ದು?"

"ಅಮ್ಮಂದೇ. ಇನ್ಯಾರ್ದು?"

"ಮೂರು ಸೇತುವೆಗೂ ಹಿಂದಿನ ದಡದಿಂದ ಗೆರೆ ಬಂದಿದೆ. ಮರೆತಿದ್ರೂ ಕೈ ಹಿಡ್ಕೊಂಡು ಬಂದಿದಾಳೆ. ಇಲ್ಲಿಂದ ಮುಂದೆ ನೋಡು, ಒಂದಕ್ಕೂ ಹಿಂದಿನ ಗೆರೆ ಇಲ್ಲ. ಆಕಾಶದಿಂದ ಉದುರಿದ ಹಾಗೆ." ಅವನು ಕನ್ನಡಕ ತೆಗೆದ. "ಹಿಂದಿಂದು ಬಿಚ್ಚಿಟ್ಟಿರ್ಲಿಲ್ವಾ?"

 ಮಗಳು ಗೋಡೆಗೆ ಒರಗಿಸಿದ್ದ, ಅಂಟಿಸಿದ ಕಾಗದ ಒಣಗಿಸುವ ಒಣಹಲಗೆಗಳನ್ನು ನೋಡುತ್ತ ನಿಂತಳು.

"ಕುರುಡನ ಕೋಲು ಕಿತ್ಕೊಂಡು, ಹೇಗೆ ಎಡವ್ತಾನೆ ನೋಡಿ ಅಂತ ಊರಿಗೆ ತೋರಿಸ್ತೀಯೇನಮ್ಮಾ?"

"ಮಾಮ, ಹೇಗಿದ್ರೂ ಮುಂದೆ ಎಡವೋಳೇ ಇದ್ಲು. ಎರಡು ತಿಂಗಳು ಮುಂಚೆ ಆಯ್ತು, ಅಷ್ಟೇ."

"ಆ ಎರಡು ತಿಂಗಳು ಅವಳದಾಗಿತ್ತು" ಎಂದ ಅಂಟಿನ ಮಾಮ. ಬೇಡ ಎಂದು ಸುರುಳಿಯನ್ನು ಹಿಂದಕ್ಕೆ ಕೊಡುತ್ತಾನೆ ಎಂದುಕೊಂಡಳು ಮಗಳು. ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೆ ಅವನು, "ನಾನು ಹಾಕ್ದಿದ್ರೆ ಇನ್ಯಾವನೋ ಹಾಕ್ತಾನೆ, ಕಾಗದ ಸುಕ್ಕುಮಾಡಿ ಇಡ್ತಾನೆ" ಎಂದು ಗೊಣಗಿ, ಅಂಟಿನ ಪಾತ್ರೆ ಒಲೆಯ ಮೇಲಿಟ್ಟ.

ಒಂದು ವಾರ ಬಿಟ್ಟು ಮಗಳು ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೋದಳು. ಅಮ್ಮನನ್ನು ಒಬ್ಬಳೇ ಬಿಟ್ಟು ಹೋಗುವ ಹಾಗಿರಲಿಲ್ಲ, ಜೊತೆಗೇ ಕರೆದುಕೊಂಡು ಹೋದಳು. ಅಮ್ಮನಿಗೆ ಈಗೀಗ ಯಾವುದೂ ಗುರುತು ಹತ್ತುತ್ತಿರಲಿಲ್ಲ, ಏನಾಗುತ್ತದೆ ಎಂಬ ಧೈರ್ಯ.

ಮೂರು ಗೋಡೆಗಳ ಉದ್ದಕ್ಕೂ ಒಣಹಲಗೆಗಳ ಮೇಲೆ ಸುರುಳಿ ಪೂರ್ತಿಯಾಗಿ ಬಿಚ್ಚಿಕೊಂಡು ಅಂಟಿತ್ತು. ಅಮ್ಮ ಒಳಗೆ ಕಾಲಿಟ್ಟವಳೇ ಮೂಗರಳಿಸಿ, "ಅಂಟು ಸ್ವಲ್ಪ ಹಳಸಿದೆ ಕಣೋ" ಎಂದಳು. ಅಂಟಿನ ಮಾಮ ಬೆಚ್ಚಿಬಿದ್ದ. ಅಮ್ಮ ಬೆನ್ನ ಹಿಂದೆ ಕೈ ಕಟ್ಟಿಕೊಂಡಳು. ಮೂವತ್ತೊಂದು ವರ್ಷ ವಿದ್ಯಾರ್ಥಿಗಳ ಹಾಳೆಗಳ ಮುಂದೆ ನಡೆದ ಹಾಗೆ ಬಲತುದಿಯಿಂದ ನಿಧಾನವಾಗಿ ನಡೆಯಲು ಶುರುಮಾಡಿದಳು.

"ಯಾರ್ದಪ್ಪಾ ಇದು? ಕೈ ಇದೆ. ವಯಸ್ಸಾಗಿದೆ ಪಾಪ, ಆದ್ರೂ ಕೈ ಇದೆ. ಈ ಹೊಳೆ ನೋಡು."

ಅಮ್ಮ ಎರಡು ಹೆಜ್ಜೆ ಮುಂದಿಟ್ಟಳು.

"ಸೇತುವೆ... ಸರಿ. ಮತ್ತೊಂದು ಯಾಕೆ? ಮತ್ತೂ ಒಂದಾ?" ಹೆಜ್ಜೆ ನಿಧಾನವಾಯಿತು. "ಆಹಾ, ಈ ಮಂಜು! ಇಲಿಮರಿ, ಬಾ ಇಲ್ಲಿ, ನೋಡು ಹೇಗೆ ಬಿಟ್ಟಿದಾರೆ." ಮುಂದಿನ ಹಲಗೆಗೆ ಬಂದು ನಿಂತಳು. ಅಲ್ಲಿಂದ ಮುಂದಕ್ಕೆ ಸುಮ್ಮನೆ ನಡೆದಳು. ಎಂಟನೆಯ ಸೇತುವೆ, ಒಂಬತ್ತನೆಯದು. ತಲೆಯಿಲ್ಲದ ಟೋಪಿಯ ಮುಂದೆ ಬಗ್ಗಿ, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರದಿಂದ ನೋಡಿದಳು. ಟೋಪಿಯ ಓರೆ ಅಮ್ಮನದೇ ಓರೆ. ಎಷ್ಟು ಕಲಿಸಿದರೂ ಇನ್ನೊಬ್ಬರಿಗೆ ಬರದಿದ್ದ ಓರೆ.

"ಇದು ನಂದು."

ಕಪ್ಪು ತುಂಬಿದ ಕೊನೆಯ ಎರಡು ಅಡಿಯನ್ನು ನೋಡಿ ಮುಗಿಸಿ, ಸ್ಟೂಲಿನ ಮೇಲೆ ಕೂತಳು. ವಾರಗಟ್ಟಲೆ ಮಬ್ಬಾಗಿದ್ದ ಕಣ್ಣು ಆ ಕ್ಷಣದಲ್ಲಿ ಹೊಳೆಯ ತಳದ ಕಲ್ಲಿನಷ್ಟು ಸ್ಪಷ್ಟವಾಗಿತ್ತು. ದೇವರು ಕರುಣೆಯಿಲ್ಲದವನು ಎಂದು ಮಗಳಿಗೆ ಅನ್ನಿಸಿದ್ದು ಆಗಲೇ.

"ನನ್ನ ಸ್ಥಿತಿ ಇಷ್ಟಕ್ಕೆ ಬಂದಿದೆ ಅಂತ ಯಾಕೆ ಹೇಳ್ಲಿಲ್ಲ ನೀನು?"

"ಅಮ್ಮ..."

"ಇದನ್ನ ಯಾರಿಗೆ ತೋರಿಸ್ತೀಯ?"

"ಪ್ರದರ್ಶನ ಇದೆ. ಎಲ್ರಿಗೂ ತುಂಬಾ ಇಷ್ಟ ಆಗಿದೆ ಅಮ್ಮ. ಎಲ್ರೂ..."

"ನೀರಿಗೆ ಹಾಕು."

"ಆಯ್ತಮ್ಮ" ಎಂದಳು ಮಗಳು.

ಅಮ್ಮ ಅವಳನ್ನೇ ನೋಡಿದಳು. "ನಾನು ಮರೀತೀನಿ ಅಂತ ತಾನೇ ಆಯ್ತು ಅಂತಿರೋದು?"

 ಅಮ್ಮ ಎದ್ದಳು. ಕಾಗದ ನೆನೆಸುವ ದೊಡ್ಡ ಬೇಸಿನ್ನಿಗೆ ಎರಡೂ ಕೈ ಅದ್ದಿ, ಹಲಗೆಯ ಕಡೆ ನಡೆದಳು. ಒದ್ದೆ ಅಂಗೈಯನ್ನು ಕಪ್ಪಿನ ಮೇಲಿಟ್ಟು ಉಜ್ಜಿದಳು. ಒಣಗಿದ ಮಸಿ ಅಷ್ಟು ಸುಲಭಕ್ಕೆ ಬಿಡದು. ಉಗುರು ಹಾಕಿ ಅಂಚು ಎಬ್ಬಿಸಿದಳು. ಒಂದು ಬೆರಳಿನಷ್ಟು ಕಾಗದ ಹರಿದು ಬಂತು. ಮಗಳು ಓಡಿಹೋಗಿ ಎರಡೂ ಮಣಿಕಟ್ಟು ಹಿಡಿದಳು. ಅಮ್ಮ ಕೊಸರಿದಳು, ಮಗಳು ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದಳು. ಅಂಟಿನ ಮಾಮ "ಬಿಡಮ್ಮಾ! ಬಿಡು ಅವಳನ್ನ!" ಎಂದು ಕೂಗಿದ. ಆ ತೆಳ್ಳಗಿನ ಕೈಗಳಲ್ಲಿ ಇಷ್ಟು ಬಲ ಎಲ್ಲಿತ್ತೋ. ಆಮೇಲೆ ಒಮ್ಮೆಲೇ ಬಲ ಹೋಯಿತು. ಅಮ್ಮ ನಿಂತಲ್ಲೇ ಸಡಿಲವಾಗಿ, ತನ್ನನ್ನು ಹಿಡಿದ ಕೈಗಳನ್ನು ನೋಡುತ್ತ, "ಯಾರ್ರೀ ನೀವು? ನೋಯ್ತಿದೆ" ಎಂದಳು.

ಸಂಜೆಗೆ ಅದೆಲ್ಲ ಅಮ್ಮನ ತಲೆಯಿಂದ ಹೋಗಿಬಿಟ್ಟಿತ್ತು. ಮಣಿಕಟ್ಟಿನ ನೀಲಿ ಗುರುತು ತೋರಿಸಿ, "ಇದೇನೇ, ಎಲ್ಲಾದ್ರೂ ಬಿದ್ನಾ?" ಎಂದು ಕೇಳಿದಳು. ಆದರೆ ಮರುದಿನ ಮಗಳು ಮೇಜಿನ ಮುಂದೆ ಕೂರಿಸಿ ಕುಂಚ ಕೊಟ್ಟಾಗ ಅಮ್ಮ ತೆಗೆದುಕೊಳ್ಳಲಿಲ್ಲ. ಕೈಗಳನ್ನು ಶಾಲಿನೊಳಗೆ ಹುದುಗಿಸಿ, "ನಂಗೆ ಬರಲ್ಲ ಅದು" ಎಂದಳು. ಮಾರನೆಯ ದಿನವೂ ಅಷ್ಟೇ. ಮಗಳು ಮಂಜಿನ ಆ ಒಳ್ಳೆಯ ಅಡಿಯ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ತಂದು, ಬಲಗಡೆ ಒತ್ತುಕಲ್ಲಿಟ್ಟು ತೋರಿಸಿದಳು. ಅಮ್ಮ ಅದನ್ನು ನೋಡಿ "ಚೆನ್ನಾಗಿದೆ" ಎಂದಳೇ ಹೊರತು ಶಾಲಿನಿಂದ ಕೈ ಹೊರಗೆ ತೆಗೆಯಲಿಲ್ಲ. ತಲೆ ಮರೆತರೂ ಮರೆಯದ ಕೈ ಅಲ್ಲವೇ ಅದು. ಈಗ ಅದೇನನ್ನು ನೆನಪಿಟ್ಟುಕೊಂಡಿತ್ತೋ.

ಪ್ರದರ್ಶನ ಗೆದ್ದಿತು. ಎಂಟು ಜನರಲ್ಲಿ ಮಿಕ್ಕ ಏಳು ಜನರ ಕೆಲಸವನ್ನು ಜನ ದಾಟಿಕೊಂಡು ಬಂದು ಇದರ ಮುಂದೆ ನಿಲ್ಲುತ್ತಿದ್ದರು. ಹರಿದ ಅಂಚನ್ನು ತೇಪೆ ಹಾಕಬೇಡಿ, ಹಾಗೇ ಇರಲಿ ಎಂದು ಮೇಡಂ ಹೇಳಿದ್ದಳು. ಜನ ಅದನ್ನೇ ಹೆಚ್ಚಾಗಿ ನೋಡಿದರು. ಗೋಡೆಯ ಮೇಲೆ ಮಗಳ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣಗೆ, 'ಕಲಾವಿದೆಯ ತಾಯಿಯ ಕೈಯಲ್ಲಿ' ಎಂದಿತ್ತು. ಪತ್ರಿಕೆಯವರು ಈ ಸಲ ನಾಲ್ಕು ಸಾಲನ್ನೂ ಮಗಳ ಬಗ್ಗೆಯೇ ಬರೆದರು.

ಮೂರನೆಯ ದಿನ ಅಮ್ಮನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಅವನಿಗೇ ಈಗ ತಲೆ ಪೂರ್ತಿ ನರೆತಿತ್ತು, ಅಮ್ಮನ ಜಾಗದಲ್ಲಿ ಪಾಠ ಹೇಳುತ್ತಿದ್ದವನು. ಸುರುಳಿಯ ಉದ್ದಕ್ಕೂ ನಡೆದು, ಕೊನೆಯಲ್ಲಿ ನಿಂತು, ಕರವಸ್ತ್ರದಿಂದ ಕಣ್ಣೊರೆಸಿಕೊಂಡ.

"ಟೀಚರಿಗೆ ಗೊತ್ತಾ ಇದು? ಇಲ್ಲಿ ತೂಗುಹಾಕಿರೋದು?"

"ಗೊತ್ತು."

"ನೋಡಿದ್ರಾ? ಒಪ್ಕೊಂಡ್ರಾ?"

"ಹೂಂ" ಎಂದಳು ಮಗಳು.

ಅವನು ತುಂಬ ಹೊತ್ತು ತಲೆದೂಗಿದ. "ನಮ್ಮ ಒಂದು ಗೆರೆ ಕೆಟ್ರೂ ತೊಟ್ಟಿಗೆ ಹಾಕಿಸ್ತಿದ್ರು. ಕೊನೆಗೆ ತಮ್ಮ ಸೋಲನ್ನೇ ಎತ್ತಿ ಹಿಡಿದು ತೋರಿಸಿದಾರೆ ಅಂದ್ರೆ... ಎಷ್ಟು ದೊಡ್ಡವರಮ್ಮಾ ನಿಮ್ಮ ತಾಯಿ." ಹೋಗುವಾಗ ಮಗಳಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಅವನು ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು.

ದೂರದ ದೇಶದ ಮ್ಯೂಸಿಯಂ ಒಂದು ಆ ಸುರುಳಿಯನ್ನು ಕೊಂಡುಕೊಂಡಿತು. ಮುಂದಿನ ವರ್ಷಕ್ಕೆ ಇನ್ನೊಂದು ಬೇಕೆಂದು ಮೇಡಂ ಕೇಳಿದಳು. ಅಮ್ಮ ಕುಂಚ ಮುಟ್ಟುತ್ತಿಲ್ಲ ಎಂದಾಗ ಅವಳಿಗೆ ನಿಜಕ್ಕೂ ಬೇಸರವಾಯಿತು. ಮಗಳ ಭುಜ ನೇವರಿಸಿ, "ಹಾಗಾದ್ರೆ ಖಾಲಿ ಸುರುಳಿನೇ ಇಡೋಣ. ಮೂವತ್ತಾರು ಅಡಿ, ಏನೂ ಇಲ್ಲದ್ದು. ಯೋಚನೆ ಮಾಡಿ" ಎಂದಳು. ಸುರುಳಿಯನ್ನು ವಾಪಸು ತರಿಸಲು ಆಗುತ್ತದೆಯೇ ಎಂದು ಮಗಳು ಕೇಳಿದಳು. ಸಹಿಯಾದ ಮೇಲೆ ಹೇಗಾದೀತು ಎಂದಳು ಮೇಡಂ, ನಗುತ್ತಲೇ.

ಮಗಳು ಅಂಟಿನ ಮಾಮನ ಹತ್ತಿರ ಹೋದಳು. ಅವನು ಯಾರದೋ ಹಳೆಯ ನಕ್ಷೆಗೆ ಕಾಗದ ಅಂಟಿಸುತ್ತಿದ್ದ, ತಲೆ ಎತ್ತಲಿಲ್ಲ. ಅವಳು ಅಲ್ಲೇ ನಿಂತು ಅತ್ತಳು. ಅಮ್ಮನ ಹತ್ತಿರ ಏನೂ ಹೇಳುವ ಹಾಗಿಲ್ಲ, ನೀವಾದರೂ ಬೈಯಿರಿ, ಇಲ್ಲವೇ ಹೋಗಲಿ ಬಿಡು ಎನ್ನಿ ಎಂದಳು.

"ನನ್ನ ಹತ್ರ ಯಾಕೆ ಬಂದೆ?" ಎಂದ ಅವನು. "ನಾನೂ ಅಂಟು ಹಾಕಿದವನೇ. ಕ್ಷಮೆ ಅನ್ನೋದು ನನ್ನ ಹತ್ರ ಇದ್ದಿದ್ರೆ ನಾನೇ ಇಟ್ಕೋತಿದ್ದೆ, ನಿಂಗೆ ಕೊಡ್ತಿರ್ಲಿಲ್ಲ."

ಆ ಚಳಿಗಾಲ ಕಳೆದು ಇನ್ನೊಂದು ಚಳಿಗಾಲ ಬಂತು. ಅಮ್ಮ ಈಗ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಗಳು ಉದ್ದ ಮೇಜನ್ನು ಹೊರಗೆ ಹಾಕಿಸಿ ಆ ಕೋಣೆಯಲ್ಲೇ ಅಮ್ಮನ ಮಂಚ ಹಾಕಿದ್ದಳು. ತಾನೂ ಏನನ್ನೂ ಬರೆಯುತ್ತಿರಲಿಲ್ಲ. ಕುಂಚ ಹಿಡಿದರೆ ಆರು ಗೆರೆ ಬಿಟ್ಟು ಇನ್ನೇನೂ ಹೊರಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮನಿಗೆ ಚಮಚದಿಂದ ಉಣಿಸುತ್ತಿದ್ದಾಗ, ಕೇಳುವವರಿಲ್ಲದಿದ್ದರೂ ಸರಿ, ಒಮ್ಮೆ ಬಾಯಿಬಿಟ್ಟು ಹೇಳಿಬಿಡಬೇಕು ಎನ್ನಿಸಿತು. ಬಟ್ಟಲು ಪಕ್ಕಕ್ಕಿಟ್ಟು ಹೇಳಿದಳು. ಒಂದು ದಿನ ಬೆಳಗ್ಗೆ ಹಿಂದಿನದನ್ನು ಬಿಚ್ಚಿಡದೆ ಸುತ್ತಿಟ್ಟಿದ್ದು, ಮೇಲೆ ಬಟ್ಟೆ ಹೊದಿಸಿದ್ದು, ಎಲ್ಲಿ ನಿಲ್ಲಿಸಿದ್ದೆ ಎಂದಾಗ ಸುಳ್ಳು ಹೇಳಿದ್ದು, ಕೈ ಹಿಡಿದು ನೋಯಿಸಿದ್ದು, ಅಮ್ಮ ಒಪ್ಪಿಕೊಂಡಿದ್ದಾಳೆ ಎಂದು ಊರಿಗೆಲ್ಲ ಹೇಳಿದ್ದು. ಒಂದನ್ನೂ ಬಿಡಲಿಲ್ಲ.

ಅಮ್ಮ ತುಂಬ ಗಮನವಿಟ್ಟು ಕೇಳಿದಳು. ನಡುನಡುವೆ "ಅಯ್ಯೋ ಪಾಪ" ಎಂದಳು. ಮಗಳ ಅಳು ನಿಲ್ಲುವವರೆಗೂ ಕಾದಳು.

"ನಿಮ್ಮ ತಾಯಿಗೆ ಗೊತ್ತಾ ಇದೆಲ್ಲ?"

ಮಗಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಮೊದಲು ಹೋಗಿ ಅವರಿಗೆ ಹೇಳ್ಬಿಡಮ್ಮಾ" ಎಂದಳು ಅಮ್ಮ, ಅಪರಿಚಿತರಿಗೆ ಹೇಳುವಷ್ಟೇ ಮರ್ಯಾದೆಯಿಂದ. "ತಾಯಿ ಅಂದ್ಮೇಲೆ ಏನೂ ಅನ್ನಲ್ಲ. ಇರೋವಾಗ್ಲೇ ಹೇಳ್ಬೇಕು. ದೂರಾನಾ ಅವರ ಮನೆ?"

"ದೂರ" ಎಂದಳು ಮಗಳು. ಬಟ್ಟಲಿನಲ್ಲಿ ಊಟ ತಣ್ಣಗಾಗಿತ್ತು. ಬಿಸಿ ಮಾಡಿ ತರಲು ಎದ್ದಳು.